ಮುಂಬೈನ ಗುಡ್ಡಕ್ಕೆ ಮಲಬಾರಿನ ಹೆಸರೇಕೆ?

ಪ್ರಶ್ನೆ: ಮಲಬಾರ್ ಅಂದ್ರೆ ಕೇರಳದ ಕರಾವಳಿ. ಮುಂಬೈನಲ್ಲಿ ದೊಡ್ಡ ಶ್ರೀಮಂತರಿರುವ ಮಲಬಾರ್ ಹಿಲ್‌ಗೆ ಆ ಹೆಸರು ಹೆಂಗ್ ಬಂತ್ರಿ?
— ರಾಯಚೂರಿನ ಓದುಗರೊಬ್ಬರು

ಉತ್ತರ: ಹಡಗಿನಲ್ಲಿ ಬಂದವರಿಂದ ಬಂತು. ಮಲಬಾರ್ ಕಡೆಯವರು ಈ ಗುಡ್ಡದ ತುದಿಗೆ ಬಂದು ಹೋಗುತ್ತಿದ್ದರು. ಅವರು ಕಡಲ್ಗಳ್ಳರು ಅನ್ನುವವರುಂಟು, ಯಾತ್ರಿಕರು ಅನ್ನುವವರೂ ಉಂಟು. ನನಗೆ ಯಾತ್ರಿಕರ ಮಾತೇ ಹೆಚ್ಚು ಒಪ್ಪುತ್ತದೆ. ಅಲ್ಲಿ ಸಮುದ್ರದಂಚಿನ ಬಂಡೆಯಲ್ಲೊಂದು ಬಿರುಕಿತ್ತು, ಹೆಸರು ಶ್ರೀಗುಂಡಿ. ಅದರಲ್ಲಿ ನುಸುಳಿ ಹೊರಬಂದರೆ ಪಾಪ ಕಳೆಯುತ್ತದೆಂಬ ನಂಬಿಕೆಯಿಂದ ದೂರದೂರದವರು ಬರುತ್ತಿದ್ದರು.

ಪಕ್ಕದಲ್ಲೇ ವಾಲ್ಕೇಶ್ವರನ ಗುಡಿ. ಸೀತೆಯನ್ನು ಹುಡುಕುತ್ತ ಬಂದ ರಾಮ ಮರಳಿನಲ್ಲಿ ಲಿಂಗ ಮಾಡಿ ಪೂಜಿಸಿದ, ಅದೇ ವಾಲುಕೇಶ್ವರ ಅನ್ನುತ್ತದೆ ಸ್ಥಳಪುರಾಣ. ಬಾಯಾರಿದಾಗ ಬಾಣ ಹೊಡೆದು ನೀರು ಚಿಮ್ಮಿಸಿದ ಜಾಗ ಬಾಣಗಂಗಾ. ಅಲ್ಲಿನ ಕಲ್ಯಾಣಿಯನ್ನು 1127ರಲ್ಲಿ ಕೊಂಕಣ ಆಳುತ್ತಿದ್ದ ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭು ಕಟ್ಟಿಸಿದನೆಂದು ಹೇಳುತ್ತಾರೆ. ಈ ಶಿಲಾಹಾರರು ಮೊದಲು ಯಾರ ಸಾಮಂತರು ಗೊತ್ತೇ? ನಮ್ಮ ಪಕ್ಕದ ಮಳಖೇಡದ ರಾಷ್ಟ್ರಕೂಟರಿಗೆ! ಹಳೆಯ ಗುಡಿ ಪೋರ್ಚುಗೀಸರ ಕಾಲದಲ್ಲಿ ಹಾಳಾಯಿತು. 1715ರಲ್ಲಿ ರಾಮ ಕಾಮತ್ ಎಂಬ ವ್ಯಾಪಾರಿ ಮತ್ತೆ ಕಟ್ಟಿಸಿದರು.

ಕಲ್ಯಾಣಿಯ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ದಂಡೆಯಲ್ಲಿ ದೀಪಸ್ತಂಭ, ನೀರಲ್ಲಿ ಬಾತುಕೋಳಿ. ನಾಲ್ಕು ಹೆಜ್ಜೆ ದಾಟಿದರೆ ಅರಬ್ಬಿ ಸಮುದ್ರ. ಆದರೂ ಇಲ್ಲಿ ಒಸರುವುದು ಸಿಹಿನೀರು. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತ ನಮ್ಮೂರವರಿಗೆ ಇದರ ಬೆಲೆ ಬೇರೆಯವರು ಹೇಳಬೇಕಿಲ್ಲ.

ಶ್ರೀಮಂತರು ಬಂದದ್ದು ಬಹಳ ತಡವಾಗಿ. ಮೊದಲು ಗವರ್ನರ್ ಎಲ್ಫಿನ್‌ಸ್ಟನ್ 1820ರ ದಶಕದಲ್ಲಿ ತುದಿಯಲ್ಲಿ ಬಂಗಲೆ ಕಟ್ಟಿಸಿದ. ನಿಜವಾದ ತಿರುವು ತಂದದ್ದು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು, ಮುಂಬೈ ಹತ್ತಿಗೆ ಬಂಗಾರದ ರೇಟು ಬಂತು. ನಮ್ಮ ಗಂಜ್‌ನಲ್ಲಿ ಕ್ವಿಂಟಲ್‌ಗೆ ಐನೂರು ಏರಿದರೇ ಅಡತಿ ಅಂಗಡಿಗಳ ಮುಖ ಬದಲಾಗುತ್ತದೆ. ಅಲ್ಲಿ ಊರೇ ಬದಲಾಯಿತು. ಅದೇ ದಶಕದಲ್ಲಿ ಪೇಟೆಯ ಸುತ್ತಲಿದ್ದ ಕೋಟೆಯ ಗೋಡೆಗಳನ್ನೂ ಕೆಡವಿದರು. ದುಡ್ಡಿದ್ದವರು ಕಿಕ್ಕಿರಿದ ಪೇಟೆ ಬಿಟ್ಟು ಗಾಳಿ ಹುಡುಕಿ ಗುಡ್ಡ ಹತ್ತಿದರು. 1880ರ ದಶಕದಲ್ಲಿ ಗವರ್ನರರ ನಿವಾಸವೂ ಪರೇಲ್‌ನಿಂದ ಇಲ್ಲಿಗೇ ಬಂತು, ಮುಂದೆ ರಾಜಭವನವಾದದ್ದು ಅದೇ. ಆಗಲೇ, 1881ರಲ್ಲಿ, ಹ್ಯಾಂಗಿಂಗ್ ಗಾರ್ಡನ್ ಆಯಿತು. ಅದರ ಹುಲ್ಲಿನಡಿ ಇರುವುದೂ ನೀರೇ, ಊರಿಗೆ ಕುಡಿಯಲು ಬಿಡುವ ಜಲಾಶಯ.

ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದಾಗ ದೊಡ್ಡವರ ಬಂಗಲೆ ನೋಡಿಯೇ ವಾಪಸಾಗಬೇಡಿ. ಬಾಣಗಂಗಾಕ್ಕೆ ಇಳಿಯುವ ಮೆಟ್ಟಿಲಿನ ಓಣಿ ಎಲ್ಲಿ ಅಂತ ಕೇಳಿ.