ಗಂಡಸರ ಎದೆಯುಬ್ಬು: ಕೊಬ್ಬೋ ಗ್ರಂಥಿಯೋ?

ಆರು ತಿಂಗಳು ಜಿಮ್‌ನಲ್ಲಿ ಬೆವರು ಹರಿಸಿ ಹೊಟ್ಟೆ ಇಳಿದರೂ ಎದೆ ಮಾತ್ರ ಟೀ ಶರ್ಟಿನೊಳಗೆ ಎದ್ದು ಕಾಣುತ್ತಿದ್ದರೆ, ಅದು ಬರೀ ಕೊಬ್ಬಲ್ಲದೆ ಇರಬಹುದು. ಗಂಡಸರಿಗೂ ಮೊಲೆತೊಟ್ಟಿನ ಹಿಂದೆ ಚೂರು ಸ್ತನಗ್ರಂಥಿ ಇರುತ್ತದೆ. ಅದು ಬೆಳೆದರೆ ಗೈನೆಕೊಮಾಸ್ಟಿಯಾ. ಗ್ರಂಥಿ ವ್ಯಾಯಾಮಕ್ಕೆ ಕರಗುವುದಿಲ್ಲ.

ಮೊದಲ ಅಂದಾಜಿಗೆ ಬೆರಳೇ ಸಾಕು. ಅಂಗಾತ ಮಲಗಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಸ್ತನದ ಎರಡು ಬದಿಗಿಟ್ಟು ಮೆಲ್ಲಗೆ ತೊಟ್ಟಿನತ್ತ ತನ್ನಿ. ತೊಟ್ಟಿನ ಕೆಳಗೆ ರಬ್ಬರಿನಂಥ ದುಂಡು ಬಿಲ್ಲೆ ತಡೆದರೆ ಗ್ರಂಥಿ. ಏನೂ ತಡೆಯದಿದ್ದರೆ ಕೊಬ್ಬು. ಎಷ್ಟೋ ಜನರಲ್ಲಿ ಎರಡೂ ಇರುತ್ತವೆ. ಆದರೆ ತೊಟ್ಟಿನಿಂದ ಪಕ್ಕಕ್ಕೆ ಸರಿದ ಗಟ್ಟಿ ಗಂಟು, ಒಳಕ್ಕೆ ಎಳೆದುಕೊಂಡ ಚರ್ಮ, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಒಂದು ಗಂಡಸರದು.

ಗ್ರಂಥಿಯನ್ನು ಬೆಳೆಸುವುದು ಈಸ್ಟ್ರೋಜೆನ್ ಎಂಬ ಹಾರ್ಮೋನು, ಅದನ್ನು ತಡೆಯುವುದು ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ತಕ್ಕಡಿ ಮೊದಲನೆಯದರ ಕಡೆ ವಾಲಿದರೆ ಸಾಕು. ಕೊಬ್ಬಿನಲ್ಲಿರುವ ಅರೊಮಟೇಸ್ ಕಿಣ್ವ ಎರಡನೆಯದನ್ನೇ ಮೊದಲನೆಯದಾಗಿ ಮಾರ್ಪಡಿಸುತ್ತದೆ. ಸ್ನಾಯು ಉಬ್ಬಲೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡವರಿಗೆ ಮೊಲೆ ಬರುವ ವಿಚಿತ್ರಕ್ಕೂ ಇದೇ ಕಾರಣ. ಎರಡನೇ ಮಹಾಯುದ್ಧ ಮುಗಿದು ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಸೈನಿಕರಿಗೆ ಹೊಟ್ಟೆತುಂಬ ಊಟ ಸಿಕ್ಕ ಮೇಲೆ ಎದೆ ಉಬ್ಬಿತ್ತು. ಸೊರಗಿದ್ದ ಹಾರ್ಮೋನು ವ್ಯವಸ್ಥೆ ಮತ್ತೆ ಚುರುಕಾಗುವಾಗ ಇದೇ ತಕ್ಕಡಿ ಏರುಪೇರಾಗಿತ್ತು.

ಹದಿಮೂರು ಹದಿನಾಲ್ಕರ ಹುಡುಗರಲ್ಲಿ ಇದು ತೀರಾ ಸಾಮಾನ್ಯ. ಮುಟ್ಟಿದರೆ ನೋವೂ ಇರುತ್ತದೆ. ಹೆಚ್ಚಿನವರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಇಳಿಯುವುದರಿಂದ ಕಾಯುವುದೇ ಚಿಕಿತ್ಸೆ. ಗೆಳೆಯರ ಗೇಲಿಗೆ ಔಷಧವಿಲ್ಲ ನಿಜ, ಅದಕ್ಕಾಗಿ ಕತ್ತರಿ ಹಿಡಿಯುವುದು ಅವಸರ.

ವಯಸ್ಕರಲ್ಲಾದರೆ ಮೊದಲು ಮಾತ್ರೆಗಳ ಪಟ್ಟಿ ನೋಡಬೇಕು: ಹೃದಯ, ಯಕೃತ್ತಿನ ತೊಂದರೆಗೆ ಕೊಡುವ ಸ್ಪೈರನೊಲ್ಯಾಕ್ಟೋನ್, ಕೂದಲು ಉದುರುವುದಕ್ಕೆ ಫಿನಾಸ್ಟರೈಡ್, ಮಾನಸಿಕ ಕಾಯಿಲೆಗೆ ರಿಸ್ಪೆರಿಡೋನ್, ಪ್ರಾಸ್ಟೇಟ್ ಕ್ಯಾನ್ಸರಿಗೆ ಬೈಕ್ಯಾಲುಟಮೈಡ್. ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಕೇಳಿ. ಕುಡಿತದಿಂದ ಕೆಟ್ಟ ಯಕೃತ್ತು, ಮೂತ್ರಪಿಂಡ ವೈಫಲ್ಯ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ ಕೂಡ ಕಾರಣವಾದಾವು. ಎದೆ ತೋರಿಸಲು ಬಂದವನ ವೃಷಣವನ್ನೂ ವೈದ್ಯರು ಮುಟ್ಟಿ ನೋಡುವುದು ಸುಮ್ಮನೆ ಅಲ್ಲ. ಅಲ್ಲಿನ ಪುಟ್ಟ ಗಡ್ಡೆಯೊಂದು ಮೊದಲು ಎದೆಯಲ್ಲೇ ಸುಳಿವು ಕೊಡಬಹುದು.

ಕಾಲವೂ ಮುಖ್ಯ. ಹೊಸದಾಗಿ ನೋವಿನೊಂದಿಗೆ ಬೆಳೆಯುತ್ತಿರುವಾಗ ಟ್ಯಾಮಾಕ್ಸಿಫೆನ್ ಮಾತ್ರೆ ಕೆಲಸ ಮಾಡಬಹುದು. ವರ್ಷ ದಾಟಿದರೆ ಗ್ರಂಥಿಯಲ್ಲಿ ನಾರು ತುಂಬಿ ಗಟ್ಟಿಯಾಗುತ್ತದೆ, ಆಮೇಲೆ ಉಳಿಯುವುದು ಶಸ್ತ್ರಚಿಕಿತ್ಸೆಯೇ. ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲಿಪೊಸಕ್ಷನ್ ಒಂದನ್ನೇ ಮಾಡಿದರೆ ಕೊಬ್ಬು ಹೋಗಿ ಬಿಲ್ಲೆ ಉಳಿದುಬಿಡುತ್ತದೆ. ಹಾಗಾಗಿ ತೊಟ್ಟಿನ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ದು ಗ್ರಂಥಿಯನ್ನೂ ತೆಗೆಯುತ್ತಾರೆ. ಪೂರ್ತಿ ತೆಗೆದರೆ ತೊಟ್ಟು ಹಳ್ಳಕ್ಕೆ ಬಿದ್ದಂತೆ ಕುಸಿಯುವುದರಿಂದ ಅದರ ಕೆಳಗೆ ತೆಳು ಪದರ ಬಿಡುತ್ತಾರೆ. ರಕ್ತ ಕಟ್ಟದಿರಲೆಂದು ಕೆಲವು ವಾರ ಬಿಗಿ ಉಡುಪು. ತೊಟ್ಟಿನ ಕೆಳಗೆ ಬಿಟ್ಟ ಆ ಪದರ, ಸ್ನಾಯು ಉಬ್ಬಿಸುವ ಟೆಸ್ಟೋಸ್ಟೆರಾನ್‌ನಂಥ ಸ್ಟೀರಾಯ್ಡ್ ಮುಂದುವರಿಸಿದವರಲ್ಲಿ ಮತ್ತೆ ಬೆಳೆಯಬಲ್ಲದು.