ಹೆಡ್ಡಿನೊಳಗಿನ ಗಾಳಿ ಮತ್ತು ಸಿಎಫ್‌ಎಂ ಗೊಂದಲ: ಇದು ಇಲ್ಲಿಗೆ ಬಂದು ನಿಂತದ್ದು ಹೇಗೆ?

ಎಂಜಿನ್ನಿನ ಸಿಲಿಂಡರಿಗೆ ಮೇಲಿನಿಂದ ಮುಚ್ಚಳವಾಗಿ ಕೂರುವ ಸಿಲಿಂಡರ್ ಹೆಡ್ ಒಂದೇ. ಅದರಲ್ಲಿ ಹರಿಯುವ ಗಾಳಿ ಒಂದು ವರ್ಕ್‌ಶಾಪಿನ ಚೀಟಿಯಲ್ಲಿ 150 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಇನ್ನೊಂದರಲ್ಲಿ 250. ಇಬ್ಬರೂ ಸುಳ್ಳು ಹೇಳಿಲ್ಲ. ಹೆಡ್ ಕೊಳ್ಳುವವರಿಗೆ, ಪೋರ್ಟಿಂಗ್ (ಹೆಡ್ಡಿನೊಳಗಿನ ಗಾಳಿದಾರಿಯಾದ ಪೋರ್ಟನ್ನು ತಿದ್ದುವ ಕೆಲಸ) ಮಾಡಿಸುವವರಿಗೆ ಈ ಗೊಂದಲ ಹೊಸದೇನಲ್ಲ. ಅದಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಕೊಡುವುದು ಸುಲಭ, ಅದನ್ನು ಉರಿಸುವಷ್ಟು ಗಾಳಿ ಒಳಗೆ ತರುವುದೇ ಕಷ್ಟ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಗಾಳಿಯೆಲ್ಲ ಹೆಡ್ಡಿನ ಪೋರ್ಟಿನಲ್ಲಿ ತಿರುಗಿ, ತೆರೆದು ಮುಚ್ಚುವ ವಾಲ್ವ್‌ಗೂ ಅದು ಕೂರುವ ಸೀಟಿಗೂ ನಡುವಿನ ಸಂದಿಯಲ್ಲಿ ನುಸುಳಿ ಇಳಿಯಬೇಕು. ಫ್ಲೋ ಬೆಂಚಿನ ಕೆಲಸ ಇದನ್ನು ಅಳೆಯುವುದು. ಬೋರಿನಷ್ಟೇ (ಸಿಲಿಂಡರಿನ ಒಳವ್ಯಾಸದಷ್ಟೇ) ಅಗಲದ ಕೊಳವೆಯ ಮೇಲೆ ಹೆಡ್ಡನ್ನು ಕೂರಿಸಿ, ಕೆಳಗಿನಿಂದ ಮೋಟಾರು ಗಾಳಿ ಎಳೆಯುವಾಗ ವಾಲ್ವನ್ನು ಸ್ವಲ್ಪಸ್ವಲ್ಪವೇ ಎತ್ತುತ್ತ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯಿತೆಂದು ಬರೆದುಕೊಳ್ಳುತ್ತಾರೆ. ಅದೇ ಸಿಎಫ್‌ಎಂ. (ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕ್ ಬೈಕುಗಳ ಪೋರ್ಟಿಂಗ್ ಬೇರೆಯೇ ವಿಷಯ. ಅಲ್ಲಿ ಹೆಡ್ಡಿನಲ್ಲಿ ವಾಲ್ವ್‌ಗಳೇ ಇಲ್ಲ.)

ಈ ವಿದ್ಯೆಗೆ ಹೆಸರು ತಂದವರಲ್ಲಿ ಮೊದಲಿಗರು ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್. 1920ರ ದಶಕದಲ್ಲಿ ಬೆಂಟ್ಲಿ ಎಂಜಿನ್‌ಗಳ ಮೇಲೆ ಕೆಲಸ ಮಾಡಿದರು. ಮುಂದೆ ಜಾಗ್ವಾರ್‌ನ ಎಕ್ಸ್‌ಕೆ ಎಂಜಿನ್ನಿನ ಹೆಡ್ಡಿನಲ್ಲಿ ಅವರ ಕೈವಾಡ ಇತ್ತು. 1948ರಲ್ಲಿ ಬಂದ ಆ ಎಂಜಿನ್ 1951ರಿಂದ 1957ರೊಳಗೆ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸನ್ನು ಐದು ಬಾರಿ ಗೆದ್ದಿತು. ವೆಸ್ಲೇಕ್ ಗಾಳಿಯ ಪ್ರಮಾಣವನ್ನಷ್ಟೇ ನೋಡಲಿಲ್ಲ, ಒಳಬಂದ ಗಾಳಿ ಸಿಲಿಂಡರಿನಲ್ಲಿ ಸುತ್ತುವಂತೆ ಪೋರ್ಟಿಗೆ ಬಾಗು ಕೊಟ್ಟರು. ಮುಂದಿನ ದಶಕಗಳಲ್ಲಿ ಹಲವರು ಮರೆತದ್ದು ಈ ಎರಡನೆಯ ಅರ್ಧವನ್ನೇ.

ಮರೆಯದವರಲ್ಲಿ ಇಂಗ್ಲೆಂಡಿನ ಎಂಜಿನ್ ವಿನ್ಯಾಸಕ ಕೀತ್ ಡಕ್‌ವರ್ತ್ ಒಬ್ಬರು. 1967ರಲ್ಲಿ ಫಾರ್ಮುಲಾ ಒನ್ ರೇಸಿಗೆ ಬಂದ ತಮ್ಮ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿನಲ್ಲಿ ಆ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ಆವರೆಗೆ ರೇಸ್ ಎಂಜಿನ್‌ಗಳಲ್ಲಿ ದೊಡ್ಡ ವಾಲ್ವ್‌ಗಳಿಗೆ ಜಾಗ ಮಾಡಲು ಅವನ್ನು ಅಗಲ ಕೋನದಲ್ಲಿ ಇಡುವ ರೂಢಿಯಿತ್ತು. ಗಾಳಿ ಧಾರಾಳ ಬರುತ್ತಿತ್ತು. ಆದರೆ ಕಂಪ್ರೆಷನ್ (ಒಳಬಂದ ಗಾಳಿಯನ್ನು ಅದುಮುವ ಪ್ರಮಾಣ) ಏರಿಸಲು ಪಿಸ್ಟನ್ನಿನ ತಲೆಯನ್ನು ಗುಮ್ಮಟದಂತೆ ಎತ್ತರಿಸಿದಾಗ ದಹನಕ್ಕೆ ಉಳಿಯುತ್ತಿದ್ದದ್ದು ತೆಳುವಾದ ಜಾಗ, ಬೆಂಕಿ ಅದರಲ್ಲಿ ನಿಧಾನವಾಗಿ ಹರಡುತ್ತಿತ್ತು. ಡಕ್‌ವರ್ತ್ ಸಿಲಿಂಡರಿಗೆ ನಾಲ್ಕು ಚಿಕ್ಕ ವಾಲ್ವ್‌ಗಳನ್ನಿಟ್ಟು ಅವುಗಳ ನಡುವಿನ ಕೋನವನ್ನು 32 ಡಿಗ್ರಿಗೆ ಇಳಿಸಿದರು. ಆ ಎಂಜಿನ್ ವಂಶ 1983ರ ವರೆಗೆ 155 ಗ್ರ್ಯಾನ್‌ಪ್ರಿ ಗೆದ್ದಿತು. ಬಂದ ಗಾಳಿ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂಬುದಕ್ಕೂ ಅಷ್ಟೇ ಬೆಲೆಯಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವಿರಲಿಲ್ಲ.

ಗೊಂದಲ ಶುರುವಾದದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. 1970ರ ದಶಕದಲ್ಲಿ ಸೂಪರ್‌ಫ್ಲೋದಂಥ ಕಂಪನಿಗಳು ಸಿದ್ಧ ಫ್ಲೋ ಬೆಂಚುಗಳನ್ನು ಮಾರತೊಡಗಿದ ಮೇಲೆ, ಕಾರ್ಖಾನೆಗಳ ಪ್ರಯೋಗಾಲಯದಲ್ಲಿದ್ದ ಸಾಧನ ಅಮೆರಿಕದ ಸಣ್ಣ ವರ್ಕ್‌ಶಾಪುಗಳಿಗೂ ಬಂತು. ಇದರಿಂದಾದ ಒಳಿತು ದೊಡ್ಡದು. ಪೋರ್ಟನ್ನು ಕನ್ನಡಿಯಂತೆ ಪಾಲಿಶ್ ಮಾಡಿದರೆ ಪವರ್ ಬರುತ್ತದೆ ಎಂಬ ನಂಬಿಕೆ ಬೆಂಚಿನ ಮೇಲೆ ನಿಲ್ಲಲಿಲ್ಲ. ವಾಲ್ವ್ ಸೀಟಿಗೆ ಒಂದರ ಬದಲು ಮೂರು ಕೋನ ಕತ್ತರಿಸಿದರೆ ಹರಿವು ಏರುವುದು ಅಂಕಿಯಲ್ಲೇ ಕಂಡಿತು. ಗಾಳಿಯನ್ನು ನಿಜವಾಗಿ ತಡೆಯುವ ಜಾಗ ಪೋರ್ಟಿನ ಒಳತಿರುವು ಎಂಬುದೂ ಗೊತ್ತಾಯಿತು: ಹೊಳೆಯ ತಿರುವಿನಲ್ಲಿ ನೀರು ಹೊರದಡಕ್ಕೆ ಒತ್ತಿಕೊಂಡು ಹೋಗುವ ಹಾಗೆ, ವೇಗದ ಗಾಳಿ ಆ ಒಳಮೂಲೆಯನ್ನು ಬಿಟ್ಟು ಸಿಡಿಯುತ್ತದೆ. ಅಲ್ಲಿ ಲೋಹ ತೆಗೆಯುವ ಬದಲು ತುಂಬಿದಾಗ ಹರಿವು ಹೆಚ್ಚಿದ ಉದಾಹರಣೆಗಳೂ ಉಂಟು.

ಆದರೆ ಪ್ರತಿ ಬೆಂಚೂ ತನಗೆ ಸಾಧ್ಯವಾದ ಒತ್ತಡದಲ್ಲಿ ಅಳೆಯುತ್ತಿತ್ತು. ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಹೇಳುತ್ತಾರೆ. ಸಣ್ಣ ಮೋಟಾರಿನ ಬೆಂಚು 10 ಇಂಚಿಗೆ ನಿಲ್ಲುತ್ತಿತ್ತು, ದೊಡ್ಡದು 28 ಇಂಚಿಗೆ, ಅಂದರೆ ಹೆಚ್ಚುಕಡಿಮೆ 1 ಪಿಎಸ್‌ಐಗೆ (ಚದರ ಇಂಚಿಗೆ ಒಂದು ಪೌಂಡ್) ಏರುತ್ತಿತ್ತು. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ 10 ಇಂಚಿನ ಅಂಕಿಯನ್ನು 1.67ರಿಂದ ಗುಣಿಸಿದರೆ 28 ಇಂಚಿನದು ಸಿಗುತ್ತದೆ. ಮೇಲೆ ಹೇಳಿದ 150 ಮತ್ತು 250 ಹೀಗೆ ಒಂದೇ ಹೆಡ್ಡಿನವು. ಬೋರಿನ ಕೊಳವೆ ಕೊಂಚ ಅಗಲವಾದರೂ, ಪೋರ್ಟಿನ ಬಾಯಿಗೆ ಜೇಡಿಮಣ್ಣಿನಿಂದ ಉರುಟು ಅಂಚು ಕೊಟ್ಟರೂ, ಎಕ್ಸಾಸ್ಟ್ ಬದಿಗೆ ಒಂದು ತುಂಡು ಪೈಪ್ ಸಿಕ್ಕಿಸಿದರೂ ಅಂಕಿ ಬದಲಾಗುತ್ತದೆ.

ಇದರ ಜೊತೆಗೆ ಒಂದು ಸೂತ್ರವೂ ಹಬ್ಬಿತು: 28 ಇಂಚಿನ ಸಿಎಫ್‌ಎಂ ಅನ್ನು 0.257ರಿಂದ, ಮತ್ತೆ ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಅಶ್ವಶಕ್ತಿ. 250 ಸಿಎಫ್‌ಎಂನ, ಎಂಟು ಸಿಲಿಂಡರಿನ ವಿ8 ಎಂಜಿನ್ನಿಗೆ 514. ಕ್ಯಾಮ್ (ವಾಲ್ವ್ ತೆರೆಯುವ ದಂಡ), ಕಂಪ್ರೆಷನ್, ಎಕ್ಸಾಸ್ಟ್ ಎಲ್ಲವೂ ಸರಿಯಿದ್ದರೆ ತಲುಪಬಹುದಾದ ಅಂದಾಜು ಅದು, ಆದರೆ ಜಾಹೀರಾತಿನಲ್ಲಿ ಖಾತ್ರಿಯಂತೆ ಓದಿಸಿಕೊಂಡಿತು. ಅತಿ ಹೆಚ್ಚು ಲಿಫ್ಟಿನಲ್ಲಿ, ಅಂದರೆ ವಾಲ್ವನ್ನು ಅತಿ ಎತ್ತರಕ್ಕೆ ಎತ್ತಿದಾಗ, ಸಿಕ್ಕ ಅತಿ ದೊಡ್ಡ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಯಿತು. ವಾಲ್ವ್ ಆ ಲಿಫ್ಟಿನಲ್ಲಿರುವುದು ಪ್ರತಿ ಸುತ್ತಿನಲ್ಲಿ ಒಂದು ಗಳಿಗೆ, ನಡುವಿನ ಲಿಫ್ಟುಗಳನ್ನು ಅದು ತೆರೆಯುವಾಗಲೂ ಮುಚ್ಚುವಾಗಲೂ ದಾಟುತ್ತದೆ. ಅಂಕಿಗಾಗಿ ಪೋರ್ಟನ್ನು ಕೊರೆದು ದೊಡ್ಡದು ಮಾಡಿದರೆ ಗಾಳಿಯ ವೇಗ ಬೀಳುತ್ತದೆ. ಬೆಂಚು ಖುಷಿಯಾಗಿರುತ್ತದೆ, ರಸ್ತೆಯ ಮೇಲೆ 3000 ಆರ್‌ಪಿಎಂನಲ್ಲಿ ಗಾಡಿ ಎಳೆಯುವುದಿಲ್ಲ.

ಬೆಂಚು ತೋರಿಸಲಾರದ್ದು ಇನ್ನೂ ಇದೆ. ಅಲ್ಲಿ ಗಾಳಿ ಒಂದೇ ಸಮನೆ ಹರಿಯುತ್ತದೆ, ಪೆಟ್ರೋಲಿನ ಹನಿಗಳಿಲ್ಲ. ಓಡುವ ಎಂಜಿನ್ನಿನಲ್ಲಿ ಹರಿವು ಪ್ರತಿ ಸುತ್ತಿಗೂ ನಿಂತು ಹೊರಡುತ್ತದೆ, ಎಳೆತ 28 ಇಂಚನ್ನು ಎಷ್ಟೋ ಪಟ್ಟು ಮೀರುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 1940ರ ದಶಕದಲ್ಲೇ ತೋರಿಸಿದ್ದಂತೆ, ವಾಲ್ವಿನ ಸಂದಿಯಲ್ಲಿ ಗಾಳಿಯ ಸರಾಸರಿ ವೇಗ ಶಬ್ದವೇಗದ ಸುಮಾರು 0.6ರಷ್ಟನ್ನು ದಾಟಿತೆಂದರೆ ಸಿಲಿಂಡರು ಸರಿಯಾಗಿ ತುಂಬುವುದಿಲ್ಲ.

ಈಗ ಪೋರ್ಟುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿ ಕಂಪ್ಯೂಟರೇ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆಯುತ್ತಾರೆ. ಹೊಗೆ ನಿಯಮಗಳು ಬಿಗಿಯಾದಂತೆ ಗಾಳಿಯ ಸುತ್ತಾಟವನ್ನು ಅಳೆಯುವುದೂ ಮರಳಿ ಬಂದಿದೆ. ಕೊನೆಯ ಪರೀಕ್ಷೆಗೆ ಹೆಡ್ಡು ಇಂದಿಗೂ ಬೆಂಚಿನ ಮೇಲೇ ಏರುತ್ತದೆ. ಒಂದೇ ಬೆಂಚಿನಲ್ಲಿ, ಒಂದೇ ಒತ್ತಡದಲ್ಲಿ, ಕೆಲಸಕ್ಕೆ ಮೊದಲು ಮತ್ತು ನಂತರ ಅಳೆದ ಎರಡು ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಎಲ್ಲ ಲಿಫ್ಟುಗಳ ಅಂಕಿಯೂ, ಬೋರಿನ ಅಳತೆಯೂ, ಪೋರ್ಟಿನ ಒಳಗಾತ್ರ ಎಷ್ಟು ಸಿಸಿ ಎಂಬುದೂ ಇರಬೇಕು.