ಪದ ಪರಿಚಯ: ‘ಕನ್ಸೀಲ್ಡ್ ಕ್ಯಾರಿ’ ಮತ್ತು ‘ಬ್ಯಾಕ್‌ಗ್ರೌಂಡ್ ಚೆಕ್’

ಅಮೆರಿಕದ ಯಾವುದೋ ಊರಿನಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ಕನ್ನಡದ ಸುದ್ದಿಗಳಲ್ಲಿ ‘ಗನ್ ಲೈಸೆನ್ಸ್’ ಎಂಬ ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. ಆ ದೇಶದ ಕಾನೂನನ್ನು ಅರ್ಥ ಮಾಡಿಕೊಳ್ಳಲು ಈ ಮಾತು ಅಡ್ಡಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು ಬಂದೂಕನ್ನು ಪಡೆಯುವುದು, ಇಟ್ಟುಕೊಳ್ಳುವುದು ಮತ್ತು ಒಯ್ಯುವುದು ಎಂಬ ಮೂರೂ ಕೆಲಸಗಳನ್ನು ಒಂದೇ ವಾಕ್ಯದಲ್ಲಿ ಹಿಡಿದು, ಮೂರಕ್ಕೂ ಲೈಸೆನ್ಸ್ ಬೇಕೆನ್ನುತ್ತದೆ. ಆದ್ದರಿಂದ ನಮ್ಮ ಮನಸ್ಸಿನಲ್ಲಿ ಅವು ಬೇರೆ ಬೇರೆ ಪ್ರಶ್ನೆಗಳಾಗಿ ಮೂಡುವುದೇ ಇಲ್ಲ. ಅಮೆರಿಕದಲ್ಲಿ ಅವು ಬೇರೆಯಾಗಿಯೇ ಇವೆ. ಹೆಚ್ಚಿನ ರಾಜ್ಯಗಳಲ್ಲಿ ಬಂದೂಕು ಕೊಳ್ಳಲು ಲೈಸೆನ್ಸ್ ಎಂಬುದೇ ಇಲ್ಲ. ಕೊಳ್ಳುವ ಹೊತ್ತಿನಲ್ಲಿ ನಡೆಯುವುದು ‘ಬ್ಯಾಕ್‌ಗ್ರೌಂಡ್ ಚೆಕ್’, ಅಂದರೆ ಕೊಳ್ಳುವವನ ಪೂರ್ವಾಪರದ ಪರಿಶೀಲನೆ. ಕೊಂಡ ಪಿಸ್ತೂಲನ್ನು ಅಂಗಿಯ ಒಳಗೋ ಚೀಲದಲ್ಲೋ ಮರೆಮಾಡಿ ಬೀದಿಯಲ್ಲಿ ಓಡಾಡಲು ಕೊಡುವ ಅನುಮತಿಗೆ ‘ಕನ್ಸೀಲ್ಡ್ ಕ್ಯಾರಿ ಪರ್ಮಿಟ್’ ಎಂದು ಹೆಸರು. ಮೊದಲನೆಯದು ಮುಖ್ಯವಾಗಿ ಕೇಂದ್ರದ ಕಾನೂನು, ಎರಡನೆಯದು ಆಯಾ ರಾಜ್ಯದ ಕಾನೂನು.

ಪೂರ್ವಾಪರ ಪರಿಶೀಲನೆಯ ಬೇರು 1968ರ ಬಂದೂಕು ನಿಯಂತ್ರಣ ಕಾಯ್ದೆಯಲ್ಲಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧದಲ್ಲಿ ದೋಷಿಯಾದವರು, ತಲೆಮರೆಸಿಕೊಂಡವರು, ಮಾದಕ ವಸ್ತು ಬಳಸುವವರು, ಮಾನಸಿಕ ಚಿಕಿತ್ಸಾಲಯಕ್ಕೆ ಆದೇಶದ ಮೇರೆಗೆ ದಾಖಲಾದವರು ಮುಂತಾದವರು ಬಂದೂಕು ಹೊಂದಬಾರದೆಂದು ಆ ಕಾಯ್ದೆ ಹೇಳಿತು; ಕೌಟುಂಬಿಕ ಹಿಂಸೆಯ ಪ್ರಕರಣಗಳು 1990ರ ದಶಕದಲ್ಲಿ ಆ ಪಟ್ಟಿಗೆ ಸೇರಿದವು. ಆದರೆ ಅಂಗಡಿಯವನ ಮುಂದೆ ನಿಂತ ಗಿರಾಕಿ ಆ ಪಟ್ಟಿಗೆ ಸೇರಿದವನೇ ಎಂದು ತಿಳಿಯುವ ಬಗೆ ಇರಲಿಲ್ಲ. ‘ಅಲ್ಲ’ ಎಂದು ಅವನು ಬರೆದುಕೊಟ್ಟರೆ ಮುಗಿಯಿತು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ 1981ರ ಮಾರ್ಚ್ 30ರಂದು ನಡೆದ ಹತ್ಯಾಯತ್ನದಲ್ಲಿ ತಲೆಗೆ ಗುಂಡು ತಗುಲಿ ಜೀವನಪೂರ್ತಿ ಅಂಗವೈಕಲ್ಯ ಅನುಭವಿಸಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಮತ್ತು ಅವರ ಪತ್ನಿ ಸಾರಾ ಬ್ರೇಡಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1993ರ ನವೆಂಬರ್ 30ರಂದು ಈ ಪರಿಶೀಲನೆಯನ್ನು ಕಡ್ಡಾಯ ಮಾಡುವ, ಅವರ ಹೆಸರಿನ ಕಾಯ್ದೆಗೆ ಬಿಲ್ ಕ್ಲಿಂಟನ್ ಸಹಿ ಹಾಕಿದರು. ಸರಿಯಾಗಿ 5 ವರ್ಷಗಳ ನಂತರ, 1998ರ ನವೆಂಬರ್ 30ರಂದು, ಎಫ್‌ಬಿಐ ನಡೆಸುವ ‘ನಿಕ್ಸ್’ ಎಂಬ ರಾಷ್ಟ್ರೀಯ ತ್ವರಿತ ಪರಿಶೀಲನಾ ವ್ಯವಸ್ಥೆ ಕೆಲಸ ಆರಂಭಿಸಿತು.

ಅದರ ನಡೆ ಹೀಗಿದೆ. ಕೇಂದ್ರದ ಲೈಸೆನ್ಸ್ ಪಡೆದ ವ್ಯಾಪಾರಿಯ ಅಂಗಡಿಯಲ್ಲಿ ಗಿರಾಕಿಯು 4473 ಎಂಬ ಸಂಖ್ಯೆಯ ನಮೂನೆಯನ್ನು ತುಂಬಿ, ತಾನು ನಿಷೇಧಿತರ ಯಾವ ವರ್ಗಕ್ಕೂ ಸೇರಿಲ್ಲವೆಂದು ಸಹಿ ಹಾಕುತ್ತಾನೆ. ವ್ಯಾಪಾರಿ ಫೋನ್ ಅಥವಾ ಕಂಪ್ಯೂಟರ್ ಮೂಲಕ ವಿವರ ಕಳಿಸುತ್ತಾನೆ. ಮುಂದುವರಿಯಿರಿ, ತಡೆಯಿರಿ (ಅಂದರೆ ಸದ್ಯಕ್ಕೆ ಕಾಯಿರಿ), ನಿರಾಕರಿಸಿದೆ ಎಂಬ ಮೂರರಲ್ಲೊಂದು ಉತ್ತರ ಬರುತ್ತದೆ, ಅನೇಕ ವೇಳೆ ಕೆಲವೇ ನಿಮಿಷಗಳಲ್ಲಿ. ಒಪ್ಪಿಗೆ ಸಿಕ್ಕವರ ವಿವರವನ್ನು ‘ನಿಕ್ಸ್’ 24 ಗಂಟೆಗಳೊಳಗೆ ಅಳಿಸಬೇಕು, ಏಕೆಂದರೆ ಬಂದೂಕು ಮಾಲೀಕರ ರಾಷ್ಟ್ರೀಯ ಪಟ್ಟಿ ತಯಾರಾಗಬಾರದೆಂದು ಅಲ್ಲಿನ ಕಾನೂನೇ ತಡೆದಿದೆ. ನಮೂನೆಯಲ್ಲಿ ಸುಳ್ಳು ಬರೆಯುವುದು ಸ್ವತಃ ಅಪರಾಧ. ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಮಗ ಹಂಟರ್ ಬೈಡನ್, 2018ರಲ್ಲಿ ರಿವಾಲ್ವರ್ ಕೊಳ್ಳುವಾಗ ಮಾದಕ ವಸ್ತುವಿನ ಬಳಕೆಯನ್ನು ಮುಚ್ಚಿಟ್ಟಿದ್ದಕ್ಕಾಗಿ 2024ರ ಜೂನ್‌ನಲ್ಲಿ ದೋಷಿ ಎನಿಸಿದ್ದು ಇದೇ ನಮೂನೆಯಿಂದ. ಮುಂದೆ ತಂದೆಯೇ ಕ್ಷಮಾದಾನ ನೀಡಿದರು.

‘ಪರಿಶೀಲನೆ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಾಸ್‌ಪೋರ್ಟಿಗಾಗಿ ಮನೆಗೆ ಬಂದು ನೆರೆಹೊರೆಯವರನ್ನು ವಿಚಾರಿಸುವ ಪೊಲೀಸಿನವರ ಚಿತ್ರ. ಅಮೆರಿಕದ ಪರಿಶೀಲನೆಯಲ್ಲಿ ಅಂಥದ್ದೇನೂ ಇಲ್ಲ. ಅದು ಕಡತಗಳ ನಡುವಿನ ಹುಡುಕಾಟ, ಕಡತಕ್ಕೆ ಸೇರದ ಸಂಗತಿ ಅದರ ಕಣ್ಣಿಗೆ ಬೀಳದು. ಈ ಮಾತಿನ ಭಾರ ಅರಿಯಬೇಕಾದರೆ ಮೂರು ಘಟನೆಗಳನ್ನು ನೆನೆಯಬೇಕು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದ ವಿದ್ಯಾರ್ಥಿಗೆ 2005ರಲ್ಲೇ ನ್ಯಾಯಾಲಯ ಮಾನಸಿಕ ಚಿಕಿತ್ಸೆಗೆ ಆದೇಶಿಸಿತ್ತು. ಆ ಆದೇಶ ಹೊರರೋಗಿಯ ಚಿಕಿತ್ಸೆಗೆ ಸಂಬಂಧಿಸಿದ್ದರಿಂದ ರಾಜ್ಯವು ಅದನ್ನು ಕೇಂದ್ರದ ದಾಖಲೆಗೆ ಕಳಿಸಿರಲಿಲ್ಲ. 2015ರಲ್ಲಿ ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತ 9 ಮಂದಿ ಕಪ್ಪು ಜನರನ್ನು ಕೊಂದವನ ವಿಷಯದಲ್ಲಿ ‘ತಡೆಯಿರಿ’ ಎಂಬ ಉತ್ತರವೇ ಬಂದಿತ್ತು. ಆದರೆ ಮೂರು ಕೆಲಸದ ದಿನಗಳೊಳಗೆ ಅಂತಿಮ ಉತ್ತರ ಬಾರದಿದ್ದರೆ ವ್ಯಾಪಾರಿ ಮಾರಬಹುದೆಂಬ ನಿಯಮವಿದೆ. ಬಂಧನದ ದಾಖಲೆಯನ್ನು ಅಧಿಕಾರಿಗಳು ತಪ್ಪು ಠಾಣೆಗಳಲ್ಲಿ ಹುಡುಕುತ್ತಿರುವಾಗಲೇ ಗಡುವು ಮುಗಿದು ಪಿಸ್ತೂಲು ಕೈ ಸೇರಿತು. 2017ರಲ್ಲಿ ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಜೀವಗಳನ್ನು ಬಲಿ ಪಡೆದವನು ಹೆಂಡತಿಯನ್ನೂ ಪುಟ್ಟ ಮಲಮಗನನ್ನೂ ಹಿಂಸಿಸಿದ್ದಕ್ಕಾಗಿ ಸೇನಾ ನ್ಯಾಯಾಲಯದಿಂದ ಶಿಕ್ಷೆ ಪಡೆದಿದ್ದವನು, ಆದರೂ ವಾಯುಪಡೆ ಆ ಶಿಕ್ಷೆಯನ್ನು ಎಫ್‌ಬಿಐಗೆ ತಿಳಿಸಿರಲಿಲ್ಲ. ಮೂವರ ಹೆಸರೂ ಒಂದಲ್ಲ ಒಂದು ಕಡತದಲ್ಲಿ ಇತ್ತು ಎಂಬುದು ಇವತ್ತಿಗೂ ಸಂಕಟ ತರುವ ಸಂಗತಿ.

ಇನ್ನೊಂದು ದೊಡ್ಡ ಕಿಂಡಿಯೂ ಇದೆ. ಕೇಂದ್ರದ ಕಾನೂನು ಪರಿಶೀಲನೆಯ ಹೊಣೆಯನ್ನು ಲೈಸೆನ್ಸ್ ಇರುವ ವ್ಯಾಪಾರಿಯ ಮೇಲೆ ಮಾತ್ರ ಹೊರಿಸುತ್ತದೆ. ಒಂದೇ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳು ತಮ್ಮೊಳಗೆ ಕೊಟ್ಟು ತೆಗೆದುಕೊಂಡರೆ ಅದು ಅನ್ವಯಿಸದು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮದೇ ಕಾನೂನಿನಿಂದ ಆ ಕಿಂಡಿಯನ್ನು ಮುಚ್ಚಿವೆ.

ಅಲ್ಲಿ ನೆಲೆಸಿದ ಕನ್ನಡಿಗರಿಗೆ ನೇರವಾಗಿ ತಾಗುವ ವಿಷಯವೊಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಹೊಂದುವಂತಿಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಈಗ ಎರಡನೆಯ ಪದಕ್ಕೆ ಬರೋಣ. ‘ಕನ್ಸೀಲ್ಡ್’ ಎಂದರೆ ಮರೆಮಾಡಿದ, ‘ಕ್ಯಾರಿ’ ಎಂದರೆ ಮೈಮೇಲೆ ಒಯ್ಯುವುದು. ಮರೆಯಲ್ಲಿ ಒಯ್ಯುವುದಕ್ಕೆ ಪ್ರತ್ಯೇಕ ಕಾನೂನು ಏಕೆ ಬೇಕಾಯಿತು? 19ನೆಯ ಶತಮಾನದ ಅಮೆರಿಕದಲ್ಲಿ ಆಯುಧವನ್ನು ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಧರಿಸುವವನು ನೇರ ನಡೆಯವನೆಂದೂ, ಬಟ್ಟೆಯೊಳಗೆ ಅಡಗಿಸುವವನು ಬೆನ್ನಿಗೆ ಚೂರಿ ಹಾಕುವವನೆಂದೂ ಭಾವಿಸುತ್ತಿದ್ದರು. ಕೆಂಟಕಿ ಮತ್ತು ಲೂಸಿಯಾನ ರಾಜ್ಯಗಳು 1813ರಲ್ಲೇ ಮರೆಯ ಆಯುಧವನ್ನು ನಿಷೇಧಿಸಿದವು. ಇಂದಿನ ಅಭಿರುಚಿ ತಲೆಕೆಳಗಾಗಿದೆ: ಪೇಟೆಯಲ್ಲಿ ಪಿಸ್ತೂಲು ಎದ್ದು ಕಾಣುವಂತೆ ತಿರುಗುವವನನ್ನು ಕಂಡರೆ ಜನ ಬೆಚ್ಚುತ್ತಾರೆ, ಮರೆಯಲ್ಲಿಟ್ಟುಕೊಳ್ಳುವುದೇ ಮರ್ಯಾದೆಯ ರೀತಿ ಎನಿಸಿಕೊಂಡಿದೆ.

ಪರ್ಮಿಟ್ ಕೊಡುವ ರಾಜ್ಯಗಳನ್ನು ಅಲ್ಲಿನವರು ‘ಶಲ್ ಇಷ್ಯೂ’, ‘ಮೇ ಇಷ್ಯೂ’ ಎಂದು ಎರಡಾಗಿ ವಿಂಗಡಿಸುತ್ತಿದ್ದರು. ಈ ಭೇದವನ್ನು ನಮ್ಮ ಕ್ರಿಯಾಪದಗಳೇ ಸ್ಪಷ್ಟವಾಗಿ ಹೇಳುತ್ತವೆ: ಒಂದು ‘ಕೊಡಲೇಬೇಕು’, ಇನ್ನೊಂದು ‘ಕೊಡಬಹುದು’. ‘ಕೊಡಲೇಬೇಕು’ ಎಂಬಲ್ಲಿ ವಯಸ್ಸು, ತರಬೇತಿ, ಪೂರ್ವಾಪರಗಳ ಷರತ್ತು ಪೂರೈಸಿದವನಿಗೆ ಅಧಿಕಾರಿ ಇಲ್ಲವೆನ್ನುವಂತಿಲ್ಲ; 1987ರಲ್ಲಿ ಫ್ಲೋರಿಡಾ ಇಂಥ ಕಾನೂನು ತಂದ ಮೇಲೆ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ‘ಕೊಡಬಹುದು’ ಎಂಬಲ್ಲಿ ಅರ್ಜಿದಾರನಿಗೆ ನಿಜವಾದ ಅಗತ್ಯವಿದೆಯೇ ಎಂದು ತೂಗುವ ಅಧಿಕಾರ ಅಧಿಕಾರಿಯ ಕೈಯಲ್ಲಿತ್ತು. ನಮ್ಮ ಜಿಲ್ಲಾಧಿಕಾರಿಯೋ ಪೊಲೀಸ್ ಆಯುಕ್ತರೋ ಲೈಸೆನ್ಸ್ ಅರ್ಜಿಯನ್ನು ನೋಡುವ ಬಗೆಗೆ ಇದು ಹತ್ತಿರವಾದದ್ದು. 1911ರ ಸುಲಿವನ್ ಕಾಯ್ದೆಯ ಕಾಲದಿಂದ ಪಿಸ್ತೂಲಿನ ಮೇಲೆ ಬಿಗಿ ಹಿಡಿತವಿಟ್ಟಿದ್ದ ನ್ಯೂಯಾರ್ಕ್ ಕೂಡ ‘ಸೂಕ್ತ ಕಾರಣ’ ತೋರಿಸಬೇಕೆನ್ನುತ್ತಿತ್ತು. 2022ರ ಜೂನ್ 23ರಂದು ಬ್ರೂಯೆನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಪಿಸ್ತೂಲು ಒಯ್ಯುವುದು ಸಂವಿಧಾನದ 1791ರ ಎರಡನೆಯ ತಿದ್ದುಪಡಿ ಕಾಪಾಡುವ ಹಕ್ಕು, ಹಕ್ಕನ್ನು ಚಲಾಯಿಸಲು ವಿಶೇಷ ಕಾರಣ ಕೇಳುವಂತಿಲ್ಲ ಎಂದಿತು. ಅಲ್ಲಿಗೆ ‘ಕೊಡಬಹುದು’ ಎಂಬ ಪದ್ಧತಿ ಬಿದ್ದುಹೋಯಿತು. ನ್ಯೂಯಾರ್ಕ್ ಕೂಡಲೇ ಹೊಸ ಕಾನೂನು ಮಾಡಿ 16 ಗಂಟೆಗಳ ಪಾಠ ಮತ್ತು 2 ಗಂಟೆಗಳ ಗುಂಡು ಹಾರಿಸುವ ಅಭ್ಯಾಸವನ್ನು ಕಡ್ಡಾಯ ಮಾಡಿತು, ಟೈಮ್ಸ್ ಸ್ಕ್ವೇರ್‌ನಂಥ ಜಾಗಗಳನ್ನು ಪಿಸ್ತೂಲು ಒಯ್ಯಬಾರದ ‘ಸೂಕ್ಷ್ಮ ಸ್ಥಳ’ಗಳೆಂದು ಸಾರಿತು.

ಇದರ ಇನ್ನೊಂದು ತುದಿಯಲ್ಲಿ ಪರ್ಮಿಟ್ಟೇ ಬೇಡವೆನ್ನುವ ರಾಜ್ಯಗಳಿವೆ. ವರ್ಮಾಂಟ್ ಎಂದೂ ಪರ್ಮಿಟ್ ಕೇಳಿದ್ದಿಲ್ಲ. ಅಲಾಸ್ಕಾ 2003ರಲ್ಲಿ, ಅರಿಜೋನಾ 2010ರಲ್ಲಿ, ಟೆಕ್ಸಾಸ್ 2021ರಲ್ಲಿ, ಫ್ಲೋರಿಡಾ 2023ರಲ್ಲಿ ಆ ಸಾಲಿಗೆ ಸೇರಿದವು, 2024ರ ಹೊತ್ತಿಗೆ ಅವುಗಳ ಸಂಖ್ಯೆ 29ಕ್ಕೆ ಏರಿತು. ಇಲ್ಲಿಯೇ ನಮ್ಮ ಸುದ್ದಿಗಳು ಹೆಚ್ಚಾಗಿ ಎಡವುವುದು. ಪರ್ಮಿಟ್ ರದ್ದಾಯಿತೆಂದರೆ ಅಂಗಡಿಯಲ್ಲಿನ ಪೂರ್ವಾಪರ ಪರಿಶೀಲನೆ ರದ್ದಾಯಿತೆಂದು ಅರ್ಥವಲ್ಲ. ಟೆಕ್ಸಾಸ್‌ನ ವ್ಯಾಪಾರಿ ಇಂದಿಗೂ 4473 ನಮೂನೆಯನ್ನು ತುಂಬಿಸಿಕೊಳ್ಳಲೇಬೇಕು. ಆದರೂ ನಷ್ಟವಿಲ್ಲದೆ ಇಲ್ಲ. ಖಾಸಗಿಯಾಗಿ ಕೊಂಡವನು ಅಂಗಡಿಯ ಪರಿಶೀಲನೆಗೆ ಒಳಗಾಗಿರುವುದೇ ಇಲ್ಲ. ಬೀದಿಗೆ ಇಳಿಯುವ ಮುನ್ನ ಅವನ ಪೂರ್ವಾಪರ ನೋಡುತ್ತಿದ್ದ ಎರಡನೆಯ ಬಾಗಿಲು ಪರ್ಮಿಟ್ ಆಗಿತ್ತು, ಆ ಬಾಗಿಲನ್ನು ಈ ರಾಜ್ಯಗಳು ತೆಗೆದುಹಾಕಿವೆ. ಅಷ್ಟಾಗಿಯೂ ಅಲ್ಲಿನ ಬಹಳ ಜನ ತಾವಾಗಿಯೇ ಪರ್ಮಿಟ್ ಪಡೆಯುತ್ತಾರೆ, ಏಕೆಂದರೆ ಒಂದು ರಾಜ್ಯದ ಪರ್ಮಿಟ್ ಮತ್ತೊಂದರಲ್ಲಿ ನಡೆಯುವುದು ಅವುಗಳ ನಡುವೆ ಪರಸ್ಪರ ಮನ್ನಣೆ ಇದ್ದರೆ ಮಾತ್ರ. ಕೆಲವು ರಾಜ್ಯಗಳಲ್ಲಿ ಚಾಲ್ತಿಯ ಪರ್ಮಿಟ್ ತೋರಿಸಿದವನಿಗೆ ಅಂಗಡಿಯಲ್ಲಿ ಮತ್ತೆ ‘ನಿಕ್ಸ್’ ವಿಚಾರಣೆ ಬೇಕಾಗುವುದಿಲ್ಲ.

ಲೈಸೆನ್ಸ್ ಇಲ್ಲದ ಕೋವಿ ಎಂದಾಗ ಕನ್ನಡದ ಓದುಗರಿಗೆ ಕೊಡಗು ನೆನಪಾಗುವುದು ಸಹಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ವಿನಾಯಿತಿ ಒಂದು ಜನಾಂಗದ ಪರಂಪರೆಗೂ ಒಂದು ಬಗೆಯ ಭೂಹಿಡುವಳಿಗೂ ಅಂಟಿಕೊಂಡದ್ದು, ಸರ್ಕಾರ ಕೊಟ್ಟು ಅವಧಿ ಗೊತ್ತುಮಾಡಿದ್ದು. ಅರಿಜೋನಾದವನು ಪಿಸ್ತೂಲನ್ನು ಕೋಟಿನೊಳಗೆ ಇಟ್ಟುಕೊಳ್ಳುವಾಗ ಅದನ್ನು ಯಾರೂ ಕೊಟ್ಟ ವಿನಾಯಿತಿ ಎಂದು ತಿಳಿಯುವುದಿಲ್ಲ, ಸಂವಿಧಾನದ ಹಕ್ಕು ಎಂದೇ ತಿಳಿಯುತ್ತಾನೆ. ಪರ್ಮಿಟ್ ಇಲ್ಲದ ಆ ಪದ್ಧತಿಗೆ ಅದರ ಬೆಂಬಲಿಗರು ‘ಕಾನ್‌ಸ್ಟಿಟ್ಯೂಷನಲ್ ಕ್ಯಾರಿ’ ಎಂಬ ಹೆಸರಿಟ್ಟಿರುವುದು ಇದೇ ಕಾರಣಕ್ಕೆ.